ಜ್ವರ ಬಿಟ್ಟ ಮೇಲೆ



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಅದು ಹೇಗೂ ನಿಮ್ಮೆಲ್ಲರ ಜೇಬಿನಲ್ಲೇ ಇದೆ. ನಾನು ಕೊರೊನಾ ವಿಷಯ ಹೇಳುತ್ತೇನೆ. ಓದಿದ್ದು ಬಿ.ಇ., ವೈದ್ಯನಲ್ಲ, ಒಬ್ಬ ತಂದೆಯಾಗಿ ತಿಳಿದುಕೊಂಡದ್ದು ಇಷ್ಟು.

2021ರ ಮೇ ತಿಂಗಳು, ಎರಡನೇ ಅಲೆ. ಬೆಂಗಳೂರಿನ ನಮ್ಮ ಮನೆಯಲ್ಲಿ ದೊಡ್ಡವರೆಲ್ಲ ಹಾಸಿಗೆ ಹಿಡಿದೆವು. ಏಳು ವರ್ಷದ ಮಗನಿಗೆ ಎರಡು ದಿನ ಸಣ್ಣ ಜ್ವರ, ಮೂರನೇ ದಿನ ಆಟ. ಹೆಚ್ಚಿನ ಮಕ್ಕಳಿಗೆ ಈ ಸೋಂಕು ಹಾಗೆಯೇ ಬಂದು ಹೋಗುತ್ತದೆ. ಜೂನ್‌ನಲ್ಲಿ ಮತ್ತೆ ಜ್ವರ ಬಂತು. ಕಣ್ಣು ಕೆಂಪು, ಮೈಮೇಲೆ ದದ್ದು, ಹೊಟ್ಟೆನೋವು, ವಾಂತಿ. ಮಕ್ಕಳ ಡಾಕ್ಟರ್ ಮೊದಲು ಕೇಳಿದ್ದೇ, "ಮನೇಲಿ ಯಾರಿಗಾದ್ರೂ ಕೊರೊನಾ ಆಗಿತ್ತಾ? ಎಷ್ಟು ವಾರ ಆಯ್ತು?"

ಇದಕ್ಕೆ ಎಂಐಎಸ್-ಸಿ ಎನ್ನುತ್ತಾರೆ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಇದರ ಬಗ್ಗೆ ಎಚ್ಚರಿಸಿದ್ದರು. ಸೋಂಕು ತಗುಲಿದ ಎರಡರಿಂದ ಆರು ವಾರಗಳ ನಂತರ ದೇಹದ ರೋಗನಿರೋಧಕ ಶಕ್ತಿಯೇ ಹದ್ದು ಮೀರಿ ಹೃದಯ, ಕರುಳು, ರಕ್ತನಾಳಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ಅಪರೂಪದ್ದು, ಆದರೆ ತಡವಾದರೆ ಜೀವಕ್ಕೇ ಅಪಾಯ. ಮಗನಿಗೆ ರಕ್ತಪರೀಕ್ಷೆ, ಹೃದಯದ ಎಕೋ ಮಾಡಿದರು. ಇಮ್ಯುನೊಗ್ಲೋಬ್ಯುಲಿನ್, ಸ್ಟೀರಾಯ್ಡ್ ಕೊಟ್ಟರು. ಎಂಟನೇ ದಿನ ಮನೆಗೆ ಕರೆತಂದೆವು.

ನಮ್ಮೂರಲ್ಲಿ ದದ್ದು ಕಂಡರೆ ಅಮ್ಮ ಬಂದಿದೆ ಎಂದು ಬೇವಿನಸೊಪ್ಪು ಕಟ್ಟುತ್ತೇವೆ. ಕಟ್ಟಿ, ಬೇಡ ಎನ್ನುವುದಿಲ್ಲ. ಅದರೊಂದಿಗೆ ಅದೇ ದಿನ ಆಸ್ಪತ್ರೆಗೂ ಹೋಗಿ. ತಿಂಗಳ ಹಿಂದೆ ಮನೆಯಲ್ಲಿ ಯಾರಿಗೆ ಶೀತ, ಜ್ವರ, ಕೆಮ್ಮು ಬಂದಿತ್ತು ಎಂಬುದನ್ನು ಡಾಕ್ಟರಿಗೆ ಹೇಳಿ. ಟೆಸ್ಟ್ ಮಾಡಿಸಿರದಿದ್ದರೂ ಹೇಳಿ.

ಮಕ್ಕಳು ಕೋಲಾಟಕ್ಕೆ ಬಣ್ಣ ಹಚ್ಚಿಕೊಂಡು ಕಾಯುತ್ತಿದ್ದಾರೆ.