ಮನೆಗೊಂದು ಹಳೆಯ ಕ್ಲಬ್ಬು ಕುರ್ಚಿ



ಕುರ್ಚಿಯ ವಿಷಯವಾಗಿ ಮಾತನಾಡುವುದಕ್ಕೆ ಒಬ್ಬ ಕಾಲೇಜು ಉಪಾಧ್ಯಾಯನಿಗೆ ಏನು ಅಧಿಕಾರವುಂಟು ಎಂದು ನೀವು ಕೇಳಬಹುದು. ದಿನಕ್ಕೆ ನಾಲ್ಕು ಗಂಟೆ ನಿಂತೇ ಹೊಟ್ಟೆ ಹೊರೆಯುವವನಿಗೆ ಕುರ್ಚಿಯ ಬೆಲೆ ಇತರರಿಗಿಂತ ಚೆನ್ನಾಗಿ ತಿಳಿದಿರುತ್ತದೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರವೂ ಇದೆ. ಈ ವ್ಯವಹಾರದಲ್ಲಿ ನಾನು ಕೈಯಿಂದ ಹಣ ಕೊಟ್ಟು ಎರಡು ಬಾರಿ ತಪ್ಪಿದವನು. ಅಂಥವನ ಮಾತು ಕೇಳುವವರಿಗೆ ಸ್ವಲ್ಪವಾದರೂ ಹಣ ಉಳಿಸಬಹುದು.

ಕುರ್ಚಿ ಮೂಲದಲ್ಲಿ ನಮ್ಮ ವಸ್ತುವಲ್ಲ. ಹೆಸರೇ ಅರಬ್ಬಿಯ ‘ಕುರ್ಸೀ’ ಎಂಬುದರಿಂದ ಬಂದದ್ದು. ನಮ್ಮವು ಮಣೆ, ಚಾಪೆ, ಜಮಖಾನ. ಎಲ್ಲಕ್ಕಿಂತ ಮುಖ್ಯವಾಗಿ ಕಟ್ಟೆ. ನಾನು ಹುಟ್ಟಿದ ಊರು ಕಂಪ್ಲಿಗೆ ಸಮೀಪದ ಎಮ್ಮಿಗನೂರು. ಅಲ್ಲಿ ನ್ಯಾಯ ತೀರುವುದೂ, ಸಂಬಂಧ ಕುದುರುವುದೂ, ಭತ್ತದ ಧಾರಣೆಯ ಮಾತು ನಡೆಯುವುದೂ ಕಟ್ಟೆಯ ಮೇಲೆಯೇ. ನಮ್ಮ ಸೀಮೆ 1953ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಆ ಕಾಲದಲ್ಲಿ ಊರೊಳಗೆ ಕುರ್ಚಿ ಹೊರಬಿತ್ತೆಂದರೆ ತಹಸೀಲ್ದಾರರೋ ಶಾಲೆಯ ತಪಾಸಣೆಯವರೋ ಬಂದಿದ್ದಾರೆಂದೇ ಅರ್ಥವೆಂದು ಹಿರಿಯರು ಹೇಳುತ್ತಿದ್ದರು. ಎಂದರೆ ಕುರ್ಚಿ ಕುಳಿತುಕೊಳ್ಳುವ ಸಾಧನವಾಗುವುದಕ್ಕೆ ಮೊದಲು ಅಧಿಕಾರದ ಗುರುತಾಗಿತ್ತು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕ್ಲಬ್ಬು ಕುರ್ಚಿ ಎಂಬುದು ಕುರ್ಚಿಗಳಲ್ಲಿ ದೊಡ್ಡ ಜಾತಿಯದು. ತಗ್ಗಾದ, ಆಳವಾದ ಆಸನ. ಬೆನ್ನಿನ ಎತ್ತರಕ್ಕೆ ಹೆಚ್ಚು ಕಡಿಮೆ ಸಮನಾಗಿ ಸುತ್ತಿಬರುವ ದಪ್ಪ ತೋಳುಗಳು. ಮೇಲೆ ಹದಮಾಡಿದ ತೊಗಲು. ಒಳಗೆ ಸುರುಳಿ ಸ್ಪ್ರಿಂಗು, ಕುದುರೆಯ ಕೂದಲು, ನಾರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಂಡಸರು ಮನೆಯಿಂದ ತಪ್ಪಿಸಿಕೊಂಡು ಪತ್ರಿಕೆ ಓದುವುದಕ್ಕೆಂದು ಕಟ್ಟಿಕೊಂಡ ಕ್ಲಬ್ಬುಗಳಿಂದ ಇದಕ್ಕೆ ಆ ಹೆಸರು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಫ್ರಾನ್ಸಿನವರು ಇದನ್ನು ತಿದ್ದಿ ದುಂಡಗೆ ಮಾಡಿದರು. ಮೈಯೆಲ್ಲ ಗುಂಡಿ ಒತ್ತಿದ ಚೆಸ್ಟರ್‌ಫೀಲ್ಡ್ ಬೇರೆ, ಇದು ಬೇರೆ. ಅಂಗಡಿಯವರು ಎರಡನ್ನೂ ಒಂದೇ ಹೆಸರಿನಿಂದ ಮಾರುತ್ತಾರೆ.

ನಮ್ಮ ನಾಡಿಗೆ ಇದು ದಂಡಿನ ಜೊತೆಯಲ್ಲಿ ಬಂದಿತು. ಬೆಂಗಳೂರಿನಲ್ಲಿ ಬಿಳಿಯ ಅಧಿಕಾರಿಗಳ ಕ್ಲಬ್ಬು 1868ರಲ್ಲಿ ಆರಂಭವಾಯಿತು. ಚರ್ಚಿಲ್ ಮಹಾಶಯನು 13 ರೂಪಾಯಿ ಬಾಕಿ ಉಳಿಸಿಹೋದ ಪುಸ್ತಕ ಅಲ್ಲಿಯದೇ. ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ಸೆಂಚುರಿ ಕ್ಲಬ್ಬು ಹುಟ್ಟಿದ್ದು 1917ರಲ್ಲಿ. ನಮ್ಮ ಕಡೆ ಬಳ್ಳಾರಿಯಲ್ಲಿ ದಂಡಿನ ಠಾಣ್ಯವಿತ್ತು. ಸಂಡೂರು ಸಂಸ್ಥಾನದ ರಾಮನದುರ್ಗದ ಮೇಲೆ ಆ ದಂಡಿನ ರೋಗಿಗಳು ಚೇತರಿಸಿಕೊಳ್ಳುವ ಬಿಡಾರಗಳಿದ್ದವು. ಅಧಿಕಾರಿಗೆ ವರ್ಗವಾದರೆ ಸಾಮಾನನ್ನೆಲ್ಲ ಹೊತ್ತುಕೊಂಡು ಹೋಗುವುದು ಸಾಧ್ಯವೆ? ಲಿಲಾವಿನಲ್ಲಿ ಕೂಗಿ ಮಾರಿ ಹೋಗುತ್ತಿದ್ದರು. ಲಿಲಾವು ಎಂಬ ಮಾತೂ ಪೋರ್ತುಗೀಸರದು. ಅರಬ್ಬಿ ಹೆಸರಿನ, ಆಂಗ್ಲ ಆಕಾರದ ವಸ್ತು ಪೋರ್ತುಗೀಸು ಹೆಸರಿನ ವ್ಯಾಪಾರದಲ್ಲಿ ಕನ್ನಡಿಗರ ಪಡಸಾಲೆ ಸೇರಿತು.

ಕೊಳ್ಳುವವರು ಮೊದಲು ಪುರಾತನವೆಂಬುದಕ್ಕೂ ಹಳೆಯದೆಂಬುದಕ್ಕೂ ಭೇದ ಮಾಡಬೇಕು. ನೂರು ವರ್ಷ ದಾಟಿದ್ದು ಪುರಾತನ. ಅದಕ್ಕೆ ಕಡಿಮೆಯಾದದ್ದು ಹಳೆಯದು, ಅಷ್ಟೆ. ಇದು ಬರಿಯ ಶಬ್ದದ ಜಗಳವಲ್ಲ. 1972ರ ಪ್ರಾಚ್ಯವಸ್ತುಗಳ ಕಾನೂನು ಕಲಾಕೌಶಲದ ವಸ್ತುಗಳಿಗೆ ಇದೇ ನೂರು ವರ್ಷದ ಗೆರೆಯನ್ನು ಎಳೆದಿದೆ. ವಿದೇಶದಲ್ಲಿರುವ ಮಗನಿಗೆ ಅಜ್ಜನ ಕುರ್ಚಿಯನ್ನು ಕಳುಹಿಸಬೇಕೆನ್ನುವವರು ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಬೀಟೆಮರದ ಕುರ್ಚಿಯಾದರೆ ಇನ್ನೊಂದು ಅಪ್ಪಣೆಯೂ ಬೇಕಾದೀತು. ಹಂಪೆಯ ಸುತ್ತಲಿನವನಾದ ನಾನು ಮತ್ತೂ ಒಂದು ಮಾತು ಹೇಳಬೇಕು. ಕುರ್ಚಿಯ ಜೊತೆಗೆ ‘ಹಳೆಯ ಗುಡಿಯ ಕಂಬದ ತುಂಡು, ಮೂಲೆಯಲ್ಲಿಟ್ಟರೆ ಶೋಭಿಸುತ್ತದೆ’ ಎಂದು ಯಾರಾದರೂ ತೋರಿಸಿದರೆ ಕುರ್ಚಿಯನ್ನೂ ಅಲ್ಲಿಯೇ ಬಿಟ್ಟು ಹೊರಡಿ.

ಈಗ ಪರೀಕ್ಷೆಯ ವಿಷಯ. ಮದುವೆಯ ಹೆಣ್ಣನ್ನು ನೋಡಿದಂತೆ ಎದುರಿನಿಂದ ನೋಡಿ ಮೆಚ್ಚಬೇಡಿ. ಕುರ್ಚಿಯನ್ನು ಬೋರಲು ಹಾಕಿಸಿ ನೋಡಿ. ನಾನು ಮೊದಲ ಸಲ ಕೆಟ್ಟದ್ದು ಇಲ್ಲಿಯೇ. ದೊಡ್ಡ ಪಟ್ಟಣವೊಂದರ ಅಂಗಡಿಯಲ್ಲಿ ‘ಎಂಬತ್ತು ವರ್ಷದ್ದು, ದೊರೆಗಳ ಬಂಗಲೆಯಿಂದ ಬಂದದ್ದು’ ಎಂಬ ಮಾತಿಗೆ ಮರುಳಾಗಿ ಒಂದು ತಿಂಗಳ ಸಂಬಳ ತೆತ್ತು ತಂದೆ. ಮನೆಯಲ್ಲಿ ಅಡಿಯ ಬಟ್ಟೆಯನ್ನು ಬಿಡಿಸಿದರೆ ಪ್ಲೈವುಡ್ಡು, ಯಂತ್ರದಿಂದ ಹೊಡೆದ ಪಿನ್ನುಗಳು, ಹಳದಿಯ ಸ್ಪಂಜು. ಮೇಲಿನದು ತೊಗಲೇ ಅಲ್ಲ, ರೆಕ್ಸಿನ್ನು. ಅದಕ್ಕೆ ವಯಸ್ಸೆಂಬುದೇನಾದರೂ ಇದ್ದರೆ ಅದು ನನ್ನ ಮಗಳಿಗಿಂತ ಚಿಕ್ಕದು.

ನಿಜವಾದ ಹಳೆಯ ಕುರ್ಚಿಯ ಅಡಿಯಲ್ಲಿ ಅಗಲವಾದ ಗೋಣಿಯ ಪಟ್ಟಿಗಳನ್ನು ಅಡ್ಡಕ್ಕೂ ಉದ್ದಕ್ಕೂ ಹೆಣೆದು ಬಿಗಿದಿರುತ್ತಾರೆ. ಅವುಗಳ ಮೇಲೆ ಸ್ಪ್ರಿಂಗುಗಳನ್ನು ಹುರಿಯಿಂದ ಒಂದಕ್ಕೊಂದು ಕಟ್ಟಿರುತ್ತಾರೆ. ಪಟ್ಟಿ ಜೋಲುಬಿದ್ದಿದ್ದರೆ ಹೆದರಬೇಕಾಗಿಲ್ಲ, ಅದು ದುರಸ್ತಾಗುವ ಸಂಗತಿ. ಚೌಕಟ್ಟು ಸಡಿಲವಾಗಿದ್ದರೆ ಮಾತ್ರ ಯೋಚಿಸಬೇಕು. ಎರಡು ತೋಳುಗಳನ್ನೂ ಹಿಡಿದು ಎದುರುಬದುರಾಗಿ ಅಲುಗಿಸಿ. ಮರಗಳನ್ನು ಒಂದರೊಳಗೊಂದು ಕಚ್ಚಿಸಿ ಗೂಟ ಬಡಿದಿದ್ದರೆ ಬಡಗಿಯ ಕೆಲಸ. ಬರಿಯ ಮೊಳೆಯಿಂದ ನಿಂತಿದ್ದರೆ ಅವಸರದ ಕೆಲಸ. ಮೆರುಗೆಣ್ಣೆ ತಾಗದ ಒಳಮೈಯಲ್ಲಿ ಮರದ ನಿಜವಾದ ಬಣ್ಣ ಕಾಣುತ್ತದೆ. ತೇಗವಾದರೆ ಕೆರೆದ ಕಡೆ ಎಣ್ಣೆಯ ವಾಸನೆಯುಂಟು. ಬೀಟೆಯಾದರೆ ಭಾರವೇ ಹೇಳುತ್ತದೆ. ಹುಳು ಕೊರೆದ ತೂತುಗಳಿದ್ದರೆ ಅಡಿಯಲ್ಲಿ ಒಂದು ಕಪ್ಪು ಕಾಗದವನ್ನು ಹಾಸಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಅದರ ಮೇಲೆ ಬಿಳಿಯ ಹಿಟ್ಟು ಬಿದ್ದಿದ್ದರೆ ಹುಳು ಇನ್ನೂ ಮನೆಯ ಯಜಮಾನಿಕೆ ನಡೆಸುತ್ತಿದೆ ಎಂದು ತಿಳಿಯಬೇಕು.

ತೊಗಲಿನ ಪರೀಕ್ಷೆ ಸೂಕ್ಷ್ಮವಾದದ್ದು. ಗೀರುಗಳೂ ಮಾಸಿದ ಬಣ್ಣವೂ ದೋಷವಲ್ಲ; ಹಲವರು ಅದಕ್ಕೇ ಹೆಚ್ಚು ಹಣ ಕೊಡುತ್ತಾರೆ. ಆದರೆ ಕೆಲವು ಹಳೆಯ ತೊಗಲುಗಳು ಒಳಗಿನಿಂದಲೇ ಕೊಳೆತು ಕೆಂಪು ಪುಡಿಯಾಗುತ್ತವೆ, ಅವಕ್ಕೆ ಔಷಧವಿಲ್ಲ. ಸಂಡೂರಿನ ಕಡೆಯ ಮನೆಗಳಲ್ಲಿ ಇದನ್ನು ಗುರುತಿಸುವುದು ಕಷ್ಟ, ಏಕೆಂದರೆ ಅಲ್ಲಿ ಕಬ್ಬಿಣದ ಅದಿರಿನ ಕೆಂಧೂಳು ಎಲ್ಲದರ ಮೇಲೂ ಕುಳಿತಿರುತ್ತದೆ. ಬಿಳಿಯ ಬಟ್ಟೆಯಿಂದ ಎರಡು ಸಲ ಒರೆಸಿ. ಮೂರನೆಯ ಸಲವೂ ಬಟ್ಟೆ ಕೆಂಪಾದರೆ ಅದು ಸಂಡೂರಿನದಲ್ಲ, ಕುರ್ಚಿಯದೇ. ನಮ್ಮ ಹೊಸಪೇಟೆಯ ಬೇಸಿಗೆಯಲ್ಲಿ ತೊಗಲು ಬೆನ್ನಿಗೆ ಅಂಟುವುದೂ, ಬಿಸಿಲಿಗಿಟ್ಟರೆ ಬಿರಿಯುವುದೂ ಸಹಜ. ತೊಗಲು ಸತ್ತ ಕುರ್ಚಿಗೆ ದಪ್ಪ ನೂಲಿನ ಬಟ್ಟೆಯನ್ನೇ ಹೊದಿಸಿದರೆ ಏನೂ ಅಪಚಾರವಿಲ್ಲ. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯ ದಿಂಬನ್ನು ಮೇಲಿಟ್ಟರೆ ಲಂಡನ್ನಿನ ಕ್ಲಬ್ಬಿನವರೂ ಅಸೂಯೆಪಟ್ಟಾರು.

ಅಳತೆಯನ್ನು ಮರೆಯಬೇಡಿ. ಕುರ್ಚಿಯ ಅಗಲವನ್ನೂ ಬಾಗಿಲಿನ ಅಗಲವನ್ನೂ ಒಂದೇ ದಾರದಿಂದ ಅಳೆಯಿರಿ. ಇದಕ್ಕಿಂತಲೂ ಮುಖ್ಯವಾದ ಅಳತೆಯೊಂದಿದೆ; ನನ್ನ ಎರಡನೆಯ ತಪ್ಪು ಅದೇ.

ನಮ್ಮ ತಂದೆಯವರು ಊರಿನ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಅವರ ಬಳಿ ಬೆತ್ತದ ಒಂದು ತೋಳುಕುರ್ಚಿಯಿತ್ತು. ತಂದೆಯವರು ಮನೆಯಲ್ಲಿಲ್ಲದಾಗಲೂ ತಾಯಿಯವರು ಅದರಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ದಿನವೂ ಒರೆಸುತ್ತಿದ್ದರು, ಅಷ್ಟೆ. ತಂದೆಯವರು ತೀರಿಕೊಂಡ ಮೇಲೆ ಹೊಸಪೇಟೆಗೆ ಸಂಸಾರ ಸಾಗಿಸುವಾಗ ಲಾರಿಯಲ್ಲಿ ಸ್ಥಳವಿಲ್ಲವೆಂದು ನಾನು ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ತಾಯಿಯವರು ಬೇಡವೆನ್ನಲಿಲ್ಲ. ಅವನು ಅದನ್ನು ಬಂಡಿಗೆ ಏರಿಸುವವರೆಗೂ ಬಾಗಿಲಲ್ಲಿ ನಿಂತಿದ್ದರು.

ವರ್ಷಗಳ ಮೇಲೆ ಅವರಿಗೆ ಮೊಣಕಾಲಿನ ಬೇನೆ ಹತ್ತಿತು. ನೆಲದ ಮೇಲೆ ಕೂಡುವುದು ಆಗದೆಹೋಯಿತು. ಆಗ ಹೊಸಪೇಟೆಯಲ್ಲಿಯೇ ಹಳೆಯ ಮನೆಯೊಂದನ್ನು ಖಾಲಿ ಮಾಡುವವರಿಂದ ನಿಜವಾದ ತೇಗದ ಕ್ಲಬ್ಬು ಕುರ್ಚಿಯನ್ನು ಕೊಂಡೆ. ಈ ಸಲ ಬೋರಲು ಹಾಕಿಸಿದೆ, ಅಲುಗಿಸಿದೆ, ಕಪ್ಪು ಕಾಗದ ಹಾಸಿದೆ, ಎಲ್ಲದರಲ್ಲಿಯೂ ತೇರ್ಗಡೆಯಾಯಿತು. ಮನೆಗೆ ತಂದು ತಾಯಿಯವರನ್ನು ಕೈಹಿಡಿದು ಕೂಡಿಸಿದೆ. ಅವರು ಅದರಲ್ಲಿ ಮುಳುಗಿಯೇ ಹೋದರು. ಕಾಲು ನೆಲಕ್ಕೆ ಸರಿಯಾಗಿ ಎಟುಕಲಿಲ್ಲ, ಬೆನ್ನು ಹಿಂದಕ್ಕೆ ತಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಏನಪಾ, ಇದು ಕುರ್ಚಿಯೋ ಬಾವಿಯೋ? ಇಳಿಯಾಕ ಬರ್ತೈತಿ, ಏಳಾಕ ಬರಂಗಿಲ್ಲ” ಎಂದರು. ನಾನೂ ನನ್ನ ಹೆಂಡತಿಯೂ ಸೇರಿ ಎಬ್ಬಿಸಬೇಕಾಯಿತು. ಆಸನದ ಎತ್ತರ ಹದಿನಾಲ್ಕು ಅಂಗುಲ, ಆಳ ಇಪ್ಪತ್ತೆರಡು. ಉದ್ದಕಾಲಿನ ದಂಡಿನ ಅಧಿಕಾರಿ ಒರಗಿಕೊಳ್ಳಲೆಂದು ಮಾಡಿದ ಅಳತೆ ಅದು. ಐದಡಿಗೂ ಕಡಿಮೆಯ ಮುದುಕಿ ತಾನಾಗಿ ಎದ್ದೇಳಲೆಂದು ಮಾಡಿದ್ದಲ್ಲ. ಹಿರಿಯರಿಗೆ ಆಸನ ಹದಿನೇಳು ಹದಿನೆಂಟು ಅಂಗುಲ ಎತ್ತರವಿರಬೇಕು, ಒತ್ತಿ ಏಳುವುದಕ್ಕೆ ಗಟ್ಟಿಯಾದ ತೋಳುಗಳಿರಬೇಕು. ನಾನು ಮಾರಿದ ಬೆತ್ತದ ಕುರ್ಚಿ ಇಂಥದೇ ಆಗಿತ್ತು. ಕೂಡತಕ್ಕವರನ್ನು ಅಂಗಡಿಗೆ ಕರೆದೊಯ್ದು ಕಾಲು ಗಂಟೆ ಕೂಡಿಸಿ, ಸಹಾಯವಿಲ್ಲದೆ ಏಳುವುದಕ್ಕೆ ಹೇಳಿ ನೋಡಬೇಕೆಂಬುದು ಆಗ ನನಗೆ ಹೊಳೆಯಲಿಲ್ಲ.

ಕಂಪ್ಲಿಯ ಬಡಗಿಯೊಬ್ಬರು ಬಂದು ನೋಡಿ, ಕಾಲುಗಳ ಕೆಳಗೆ ಮೂರೂವರೆ ಅಂಗುಲದ ತೇಗದ ಗಟ್ಟಿಗಳನ್ನು ತಿರುಪುಮೊಳೆಯಿಂದ ಕೂಡಿಸಿದರು. ಬೆನ್ನಿಗೆ ಬೂರುಗದ ಹತ್ತಿಯ ದಪ್ಪ ದಿಂಬು ಹೊಲಿಸಿದೆವು. ಬಲ್ಲವರು ನೋಡಿದರೆ ಪುರಾತನ ವಸ್ತುವನ್ನು ಕೆಡಿಸಿದನೆಂದು ನನ್ನನ್ನು ಬೈಯಬಹುದು. ಮಾರಿದರೆ ಅರ್ಧ ಬೆಲೆಯೂ ಬಾರದು. ತಾಯಿಯವರು ಈಗ ಅದರಲ್ಲಿ ತಾವಾಗಿ ಕೂಡುತ್ತಾರೆ, ತಾವಾಗಿ ಏಳುತ್ತಾರೆ. ಆದರೆ ಮನೆಗೆ ಯಾರಾದರೂ ಗಂಡಸರು ಬಂದ ಸದ್ದಾದರೆ ಸಾಕು, ಎರಡು ಕೈಯನ್ನೂ ಊರಿ ಮೇಲೆದ್ದು, ಸೆರಗಿನಿಂದ ತೋಳನ್ನು ಒಂದು ಸಲ ಒರೆಸಿ, ಒಳಗೆ ಹೋಗುತ್ತಾರೆ.