ಬೀಜದಿಂದ ಕಂಬಗಳ್ಳಿ

ಅಂಗಳದ ಕುಂಡಕ್ಕೆ ಕಂಬಗಳ್ಳಿ ಬೇಕೆಂದು ಕೆಲವರು ಬೇಲಿಯ ಕಳ್ಳಿಯನ್ನೇ ಮುರಿದು ತಂದು ನೆಡುತ್ತಾರೆ. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳಿರುವ ಮನೆಗೆ ಬೇಡ. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿ ಕುಲದ ಕಂಬಗಳಲ್ಲಿ ಈ ಹಾಲಿಲ್ಲ. ಮುಳ್ಳಿದೆ ನಿಜ, ಕೈಗೆಟುಕದ ಕಡೆ ಇಟ್ಟರಾಯ್ತು.

ಯಾವುದನ್ನು ಆರಿಸಬೇಕು? ಸೀರಿಯಸ್ ಜಾತಿ ಮರದೆತ್ತರ ಬೆಳೆದೀತು, ಕುಂಡ ಸಾಲದು. ಬೊಲಿವಿಯಾ ಬೆಟ್ಟಗಳ ಕ್ಲಿಸ್ಟೊಕ್ಯಾಕ್ಟಸ್ ಸ್ಟ್ರೌಸಿ ಒಳ್ಳೆಯದು. ಕಾಂಡ 2-3 ಅಂಗುಲ ದಪ್ಪ, ಮೈತುಂಬ ಬೆಳ್ಳಿಯಂಥ ಮುಳ್ಳು.

ದಪ್ಪ ಮರಳಿಗೆ ಸ್ವಲ್ಪ ಎಲೆಗೊಬ್ಬರ ಬೆರೆಸಿ, ತೇವ ಮಾಡಿ, ಬೀಜವನ್ನು ಮೇಲೆಯೇ ಉದುರಿಸಿ. ಮಣ್ಣು ಮುಚ್ಚಬೇಡಿ. ಗಾಜು ಮುಚ್ಚಿ ಬೆಳಕಿರುವ ನೆರಳಲ್ಲಿಡಿ. 2-3 ವಾರದಲ್ಲಿ ಮೊಳೆಯುತ್ತೆ. ಆಮೇಲೆ ಗಾಜನ್ನು ದಿನದಿನಕ್ಕೆ ಸರಿಸುತ್ತಾ ಬನ್ನಿ. ನೀರು ನಿಂತರೆ ಸಸಿ ಕೊಳೆತೀತು. ಹೂವಿಗೆ ವರ್ಷಗಟ್ಟಲೆ ಕಾಯಬೇಕು, ಅವಸರ ಬೇಡ.