ಶಾಲೆಯ ಗೋಡೆಗೆ ಕಂಬಳಿ ಕೊಪ್ಪೆ

(ವಿಠ್ಠಲವಾಡಿಯಲ್ಲಿ ನಡೆದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಕೋಣೆಗಳಿಗಾಗಿ ನಾವೆಲ್ಲ ಪಗಾರದಿಂದ ಕೂಡಿಸಿದ ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕೆಂಬುದು ಕಳೆದ ಎರಡು ಸಭೆಗಳಲ್ಲಿಯೂ ಬಗೆಹರಿಯಲಿಲ್ಲ. ನೆಲಕ್ಕೆ ಟೈಲ್ಸ್ ಎಂದರು ಕೆಲವರು. ಇನ್ನು ನಾಲ್ಕು ಫ್ಯಾನು ಎಂದರು ಕೆಲವರು. ದಾನಿಗಳ ಹೆಸರು ಕೆತ್ತಿದ ಕಲ್ಲು ಎಂದವರೂ ಉಂಟು. ನಮ್ಮ ಮಾತು ಬೇರೆ. ಮೊದಲು ತಾರಸಿಗೂ ಪಡುವಣ ಗೋಡೆಗೂ ನೀರು ತಡೆಯುವ ಲೇಪವಾಗಲಿ, ಉಳಿದದ್ದು ಆಮೇಲೆ. ಯಾಕೆಂಬುದನ್ನು ಅರಿಕೆ ಮಾಡಿಕೊಳ್ಳಲು ಎದ್ದು ನಿಂತಿದ್ದೇವೆ.

ಕಳೆದ ಮಳೆಗಾಲವನ್ನು ಯಾರೂ ಮರೆತಿಲ್ಲ. ಪಡುವಣ ಬದಿಗೆ ಕೂರುವ ಮಕ್ಕಳು ಬೆಂಚುಗಳನ್ನು ಕೋಣೆಯ ನಡುವಿಗೆ ಎಳೆದುಕೊಂಡರು. ಕಪಾಟಿನಲ್ಲಿದ್ದ ಪುಸ್ತಕಗಳಿಗೆ ಬೂಸ್ಟು ಹಿಡಿಯಿತು. ರಾತ್ರಿ ತರಗತಿಗೆ ಬರುವ ಹುಡುಗರು ಇಡೀ ದಿನ ಹೋಟೆಲಿನ ಒದ್ದೆ ನೆಲದ ಮೇಲೆ ನಿಂತು ದುಡಿದು ಬಂದು, ಇಲ್ಲಿಯೂ ಒದ್ದೆ ನೆಲದಲ್ಲೇ ಕೂತರು. ನಮ್ಮ ಹಿರಿಯರು ಮುಂಬಯಿಯ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ, ಕಪ್ಪು ಬಸಿ ತೊಳೆದ ಕೈಯಲ್ಲೇ ಬಳಪ ಹಿಡಿದು ಅಕ್ಷರ ಕಲಿತವರು. ಅವರಿಗಿಂತ ಒಂದಿಷ್ಟಾದರೂ ನೆಮ್ಮದಿಯಾಗಿ ಇಂದಿನ ಹುಡುಗರು ಕಲಿಯಬೇಡವೇ?

ಗೋಡೆಗೆ ಹೋದ ವರ್ಷವೇ ಬಣ್ಣ ಹೊಡೆಸಿದೆವಲ್ಲ ಎನ್ನುವಿರಿ. ಹೊಡೆಸಿದೆವು; ತಪ್ಪು ಇದ್ದುದೂ ಅಲ್ಲಿಯೇ. ಜೂನ್ ತಿಂಗಳಲ್ಲಿ ಒಂದು ಮಳೆ ಬಿದ್ದ ಮೇಲೆ, ಗೋಡೆ ಹಸಿಯಾಗಿರುವಾಗಲೇ, ಕಂತ್ರಾಟುದಾರ ಒಳಬದಿಗೆ ಎಣ್ಣೆ ಬಣ್ಣ ಬಳಿದು ಹೋದ. ಅಗ್ಗವಾಯಿತೆಂದು ಒಪ್ಪಿದವರು ನಾವೇ. ಗೋಡೆಯೊಳಗೆ ಸಿಕ್ಕಿಬಿದ್ದ ತೇವಕ್ಕೆ ಹೊರಬರಲು ದಾರಿಯಿಲ್ಲದೆ, ಗಣೇಶ ಚೌತಿಗೆ ಮೊದಲೇ ಬಣ್ಣ ಹಪ್ಪಳದಂತೆ ಉಬ್ಬಿ ಉದುರಿತು.

ಇದರಿಂದ ಒಂದು ಸಂಗತಿ ತಿಳಿಯಿತು. ನೀರು ಬರುವುದು ಹೊರಗಿನಿಂದ, ತಡೆಯಬೇಕಾದದ್ದೂ ಹೊರಗೇ. ನಮ್ಮ ಊರುಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಡುಪಿ, ಕುಂದಾಪುರದ ಕಡೆಯವರಿಗೆ ನೆನಪಿದ್ದೀತು, ಮಳೆ ಹಿಡಿಯುವ ಮೊದಲು ಮಣ್ಣಿನ ಗೋಡೆಯ ಹೊರಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಎರಚಲು ತಟ್ಟಿಗೆ ಬಡಿದು ಕೆಳಗಿಳಿಯುತ್ತಿತ್ತು. ಸಂದಿನಲ್ಲಿ ಗಾಳಿಯಾಡಿ ಗೋಡೆ ಒಣಗಿಯೇ ಇರುತ್ತಿತ್ತು. ಬಯಲುಸೀಮೆಯ ಬಂಧುಗಳು ಕಂಬಳಿ ಕೊಪ್ಪೆಯನ್ನು ನೆನೆಯಲಿ. ಕಂಬಳಿ ಹೊದ್ದವನು ಮಳೆಯಲ್ಲಿ ನಡೆದರೂ ಒಳಗೆ ಮೈ ಬೇಯುವುದಿಲ್ಲ. ಪ್ಲಾಸ್ಟಿಕ್ ಕೋಟು ತೊಟ್ಟವನು ಮಳೆಯಿಂದ ಉಳಿದರೂ ತನ್ನ ಬೆವರಿನಲ್ಲೇ ತೊಯ್ಯುತ್ತಾನೆ. ಗೋಡೆಗೆ ಬೇಕಾದದ್ದು ಕಂಬಳಿಯಂಥ ಲೇಪ: ನೀರಿನ ಹನಿಯನ್ನು ತಡೆದು, ಒಳಗಿನ ಆವಿಯನ್ನು ಹೊರಗೆ ಬಿಡುವಂಥದು. ರಬ್ಬರಿನಂತೆ ತುಸು ಎಳೆಯುವ ಅಕ್ರಿಲಿಕ್ ಲೇಪಗಳಲ್ಲಿ ಈ ಗುಣದವು ಸಿಗುತ್ತವೆ. ಬಿಸಿಲಿಗೆ ಗೋಡೆ ಹಿಗ್ಗಿ ಕುಗ್ಗಿದಾಗ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಲೇಪ ತಾನೂ ಎಳೆದುಕೊಂಡು ಅದನ್ನು ಮುಚ್ಚಿಕೊಂಡೇ ಇರುತ್ತದೆ.

ಚಳಿ ದೇಶಗಳಲ್ಲಿ ಹೊಸ ಶಾಲೆ ಕಟ್ಟುವಾಗ ಇಂಥದೇ ಲೇಪವನ್ನು ಗಾಳಿ ತಡೆಯಲಿಕ್ಕೂ ಬಳಿಯುತ್ತಾರೆ. ಅಲ್ಲಿ ಕೋಣೆಯನ್ನು ಬೆಚ್ಚಗಿಡಲು ಹಣ ಸುರಿಯಬೇಕು; ಸಂದಿನಲ್ಲಿ ಬೆಚ್ಚನೆಯ ಗಾಳಿ ಸೋರಿದರೆ ಹಣವೇ ಸೋರಿದಂತೆ. ಅದನ್ನು ಕಂಡು ನಾವೂ ಕಿಟಕಿ ಬಿಗಿಯುವುದು ಬೇಡ. ನಮ್ಮ ಮಕ್ಕಳಿಗೆ ಗಾಳಿ ಬೇಕು. ಮುಂದೆ ಕಂಪ್ಯೂಟರ್ ಕೋಣೆಗೆ ಏಸಿ ಕೂರಿಸಿದರೆ ಆ ಒಂದು ಕೋಣೆಯ ಸಂದುಗಳನ್ನು ಮಾತ್ರ ಮುಚ್ಚಬೇಕು. ತಣ್ಣೀರಿನ ಲೋಟ ಹೊರಗಿನಿಂದ ಬೆವರುವುದನ್ನು ಹೋಟೆಲಿನವರಿಗೆ ವಿವರಿಸಬೇಕಾಗಿಲ್ಲ. ಹೊರಗಿನ ತೇವದ ಗಾಳಿ ತಣ್ಣನೆಯ ಗೋಡೆಗೆ ತಗಲಿದರೂ ಅದೇ ಆಗುತ್ತದೆ, ಕರೆಂಟಿನ ಬಿಲ್ಲೂ ಏರುತ್ತದೆ.

ಇನ್ನು ತಾರಸಿ. ಇದು ಪುಸ್ತಕದ ಬೂಸ್ಟಿನ ಮಾತಲ್ಲ, ಪ್ರಾಣದ ಮಾತು. ಸ್ಲ್ಯಾಬಿನೊಳಗೆ ನೀರಿಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಉಲ್ಹಾಸನಗರದಲ್ಲಿ ಒಂದೇ ತಿಂಗಳೊಳಗೆ ಎರಡು ಕಟ್ಟಡಗಳ ಸ್ಲ್ಯಾಬು ಕುಸಿದು ಜನ ಸತ್ತರು. ಆದುದರಿಂದ ಲೇಪಕ್ಕೆ ಮೊದಲು ಇಂಜಿನಿಯರರನ್ನು ಕರೆಸಿ ತೋರಿಸಲೇಬೇಕು. ತುಕ್ಕು ಹಿಡಿದ ಕಬ್ಬಿಣವನ್ನು ಯಾವ ಲೇಪವೂ ವಾಸಿ ಮಾಡದು. ಸೋರಿತೆಂದು ಹಳೆಯ ಇಟ್ಟಿಗೆ ಚೂರಿನ ಕೋಬಾದ ಮೇಲೆ ಇನ್ನೊಂದು ಕೋಬಾ ಹಾಕಿಸುವ ಪದ್ಧತಿ ಈ ಕಡೆ ಇದೆ. ಅದು ಬೇಡವೇ ಬೇಡ. ಆ ಭಾರವೆಲ್ಲ ಮಕ್ಕಳ ತಲೆಯ ಮೇಲಿನ ಸ್ಲ್ಯಾಬು ಹೊರಬೇಕು.

ಫ್ಯಾನು ಕೇಳಿದವರಿಗೆ ಒಂದು ಮಾತು. ತಾರಸಿಯ ಮೇಲಿನ ಲೇಪ ಬಿಳಿಯದಾಗಿರಲಿ. ಪಾಚಿ ಒಣಗಿ ಕಪ್ಪಾದ ಸಿಮೆಂಟು ಬಿಸಿಲನ್ನು ಕುಡಿಯುತ್ತದೆ, ಬಿಳಿ ಮೈ ಅದನ್ನು ಹಿಂದಕ್ಕೆ ಎಸೆಯುತ್ತದೆ. ಇಂಧನ ಉಳಿತಾಯಕ್ಕಾಗಿ ಕೇಂದ್ರ ಸರಕಾರ 2007ರಲ್ಲಿ ಹೊರಡಿಸಿದ ಕಟ್ಟಡ ನಿಯಮಾವಳಿಯು ತಂಪು ತಾರಸಿಯ ಹೊಸ ಲೇಪ ಬಿಸಿಲಿನ ನೂರಕ್ಕೆ 70 ಪಾಲನ್ನಾದರೂ ಹಿಂದಿರುಗಿಸಬೇಕೆಂದಿತು. ಅದು ದೊಡ್ಡ ಕಟ್ಟಡಗಳಿಗೆ ಮಾಡಿದ ನಿಯಮ. ಆದರೆ ಬಿಸಿಲು ದೊಡ್ಡದು ಚಿಕ್ಕದೆಂದು ನೋಡುವುದಿಲ್ಲ. ಸ್ಲ್ಯಾಬು ದೋಸೆಯ ಕಲ್ಲಿನಂತೆ ಕಾದಿರುವಾಗ ನಾಲ್ಕಲ್ಲ, ಎಂಟು ಫ್ಯಾನು ಹಾಕಿದರೂ ಬಿಸಿ ಗಾಳಿಯೇ ತಿರುಗೀತು.

ಕೆಲಸ ಹೀಗಾಗಬೇಕು. ಏಪ್ರಿಲಿನಲ್ಲಿ, ಗೋಡೆ ಚೆನ್ನಾಗಿ ಒಣಗಿರುವಾಗ ಆರಂಭ. ಪಾಚಿ, ಸಡಿಲ ಗಿಲಾವು ಕೆರೆದು ತೊಳೆದು ಮತ್ತೆ ಒಣಗಿಸಬೇಕು. ಬಿರುಕನ್ನು ಕೊರೆದು ಅಗಲಿಸಿ ತುಂಬಬೇಕು. ಪ್ಯಾರಪೆಟ್ಟು ಸ್ಲ್ಯಾಬನ್ನು ಕೂಡುವ ಮೂಲೆಯನ್ನು ಗುಂಡಗೆ ಮಾಡಿ, ಲೇಪದ ನಡುವೆ ಗಾಜಿನ ನಾರಿನ ಜಾಳಿಗೆ ಕೂರಿಸಬೇಕು. ಸೋರುವುದು ಹೆಚ್ಚಾಗಿ ಅಲ್ಲಿಯೇ. ತಾರಸಿಯ ಇಳಿಜಾರು ಮೊದಲು ಸರಿಯಾಗಲಿ, ನೀರು ನಿಂತ ಕಡೆ ಅಕ್ರಿಲಿಕ್ ಲೇಪ ಬಾಳುವುದಿಲ್ಲ. ಮೊದಲ ಕೈ ಒಣಗಿದ ಮೇಲೆ ಅಡ್ಡಕ್ಕೆ ಎರಡನೆಯ ಕೈ. ಲೇಪ ಪೂರ್ತಿ ಗಟ್ಟಿಯಾದ ಬಳಿಕ ನೀರು ಹೋಗುವ ಕೊಳವೆಗಳನ್ನು ಮುಚ್ಚಿ, ತಾರಸಿಯಲ್ಲಿ 24 ಗಂಟೆ ನೀರು ನಿಲ್ಲಿಸಿ, ಕೆಳಗೆ ಒಂದು ಹನಿಯೂ ಇಳಿಯಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೊನೆಯ ಕಂತು ಕೊಡತಕ್ಕದ್ದು. ಈ ಷರತ್ತನ್ನು ಕರಾರಿನಲ್ಲಿ ಬರೆಸೋಣ. ಹೋದ ಸಲ ಬರೆಸಲಿಲ್ಲ.

ನೆರೆ ಬಂದರೆ ಲೇಪ ಏನು ಮಾಡೀತೆಂದು ಹಿರಿಯರೊಬ್ಬರು ಕೇಳಿದರು. 2005ರ ಜುಲೈ 26ನ್ನು ಕಂಡವರ ಪ್ರಶ್ನೆ ಅದು. ಅಂಥ ನೀರನ್ನು ಲೇಪ ತಡೆಯಲಾರದು. ಕಪಾಟನ್ನು ಎತ್ತರದಲ್ಲಿ ಕೂರಿಸೋಣ, ಅಷ್ಟೇ.

ಕೆರೆಯುವ ಕೆಲಸಕ್ಕೆ ಕೂಲಿ ಕೊಡಬೇಕಾಗಿಲ್ಲ. ಗಿರಣಿ ಮುಚ್ಚಿದ ಮೇಲೆ ಗವಂಡಿ ಕೆಲಸ ಕಲಿತ ಇಬ್ಬರು ನಮ್ಮಲ್ಲಿಯೇ ಇದ್ದಾರೆ. ಹೇಗೆಂದು ಅವರು ತೋರಿಸುತ್ತಾರೆ. ಏಪ್ರಿಲಿನ ಮೊದಲ ಎರಡು ವಾರದ ರಜೆಗಳನ್ನು ಇದಕ್ಕೆ ಕೊಡಬಲ್ಲವರು, ಸಭೆ ಮುಗಿದೊಡನೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿರಿ. ತಂತಿಯ ಬ್ರಷು ಸಂಘದಲ್ಲಿ ಆರಿವೆ. ಮನೆಯಲ್ಲಿ ಇದ್ದವರು ತರಬೇಕು.